ಗುಡುಗವ್ವ ನಿಲ್ಲಿಸಿದ ಬಸ್ಸು

“ಏ ಗುಡುಗವ್ವ, ಇವತ್ತ ಮ್ಯಾಲಿನ ಮಂದಿ ಏನಂತಾರ? ಓಡೂಣೋ, ಕುಂಡ್ರೂಣೋ?”

ಭರಮವ್ವ ಹೀಗೆ ಕೇಳಿದ್ದೇ ತಡ, ಸಾಲಾಗಿ ಕುಳಿತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಉಜ್ಮಾ ತಲೆ ಎತ್ತಲಿಲ್ಲ. ಕುದಿಸಿ ಬಿಸಿಲಿಗೆ ಹರಡಿದ್ದ ಅರಿಷಿಣದ ಕೊಂಬುಗಳನ್ನು ಹೊರಳಿಸುತ್ತ, ತುಟಿ ಬಿಗಿಹಿಡಿದು ಕುಳಿತಳು. ಅವಳ ಬೆರಳುಗಳು ಉಗುರಿನ ಬುಡದವರೆಗೂ ಹಳದಿಯಾಗಿದ್ದವು. ಕಿವಿಗಳು ಮಾತ್ರ ಕೆಂಪಾಗಿದ್ದವು.

ಗುಡುಗು ಅವಳಿಗೂ ಕೇಳಿಸಿತ್ತು. ದೂರದಲ್ಲಿ, ಕಲ್ಲೋಳಿಯ ದಿಕ್ಕಿನಲ್ಲಿ, ಯಾರೋ ಖಾಲಿ ಡ್ರಮ್ಮನ್ನು ಮೆಲ್ಲಗೆ ಉರುಳಿಸಿದ ಹಾಗೆ.

ಪಕ್ಕದಲ್ಲಿದ್ದ ದಾದಿ, ಎಂದರೆ ಉಜ್ಮಾಳ ಅಜ್ಜಿ ರಶೀದಾಬಿ, ಮೊಣಕೈಯಿಂದ ಅವಳನ್ನು ತಿವಿದಳು.

“ಮಾತ ಕೊಟ್ಟದ್ದ ನೆನಪೈತೆಲ್ಲ?”

“ಐತಿ ದಾದಿ.”

“ಹಂಗಾರ ಗಪ್ಪ ಕುಂಡ್ರು.”

ಉಜ್ಮಾ ಗಪ್ಪನೆ ಕುಳಿತಳು. ಮಾತು ಕೊಟ್ಟಿದ್ದು ನಿಜವೇ. ಅದಕ್ಕೆ ಕಾರಣ ಹೋದ ವಾರ ನಡೆದ ಆ ಘಟನೆ.

ಆಗ ಶಾಲೆಗೆ ರಜೆ ಬಿಟ್ಟು ಎರಡು ದಿನವಾಗಿತ್ತಷ್ಟೆ. ಕುಲಗೋಡದ ಹೊರಗೆ, ರಸ್ತೆಗೆ ಹತ್ತಿಕೊಂಡಂತೆ ಇರುವ ಕಮಲಾಬಾಯಿಯವರ ಹೊಲದಲ್ಲಿ ಅರಿಷಿಣ ಕುದಿಸುವ ಕೆಲಸ ನಡೆದಿತ್ತು. ದೊಡ್ಡ ಕಡಾಯಿಯ ಕೆಳಗೆ ಬೆಂಕಿ ಧಗಧಗಿಸುತ್ತಿತ್ತು. ದಾದಿಯ ಬೆನ್ನು ಹತ್ತಿ ಬಂದಿದ್ದ ಉಜ್ಮಾಳ ಕಿವಿಗೆ ಗುಡುಗು ಬಿತ್ತು. ಕೂಡಲೇ ಅವಳಿಗೆ ಐದನೇ ಇಯತ್ತೆಯ ಟೀಚರ್ ಹೇಳಿದ ಪಾಠ ನೆನಪಾಯಿತು. ಗುಡುಗು ಕೇಳಿಸುವಷ್ಟು ಹತ್ತಿರ ನಾವಿದ್ದೇವೆ ಎಂದರೆ ಸಿಡಿಲು ಮುಟ್ಟುವಷ್ಟು ಹತ್ತಿರವೂ ಇದ್ದೇವೆ. ತಡಮಾಡದೆ ಗಟ್ಟಿ ಗೋಡೆ, ಗಟ್ಟಿ ಮಾಳಿಗೆ ಇರುವ ಮನೆಯೊಳಗೆ ಸೇರಬೇಕು. ಉಜ್ಮಾ ಅದನ್ನೇ ಗಂಟಲು ಹರಿಯುವಂತೆ ಕೂಗಿದಳು. ಅವಳ ಮುಖ ನೋಡಿ ಹೆದರಿದ ಹೆಂಗಸರು ಎದ್ದುಬಿದ್ದು ಊರಿನತ್ತ ಓಡಿದರು.

ಒಂದು ಹನಿ ಮಳೆಯೂ ಬೀಳಲಿಲ್ಲ. ಮೋಡ ತನ್ನ ಪಾಡಿಗೆ ಹೋಯಿತು, ಬಿಸಿಲು ಬಂತು. ಎಲ್ಲರೂ ತಿರುಗಿ ಹೊಲಕ್ಕೆ ಬಂದು ನೋಡಿದರೆ, ಕಡಾಯಿಯೊಳಗಿನ ಅರಿಷಿಣ ಬೆಂದು ಬೆಂದು ಗಂಜಿಯಾಗಿತ್ತು.

ಕಮಲಾಬಾಯಿ ಬೈಯಲಿಲ್ಲ. ಕಡಾಯಿಯನ್ನು ನೋಡಿದರು, ಉಜ್ಮಾಳನ್ನು ನೋಡಿದರು, ಸೆರಗಿನಿಂದ ಮುಖ ಒರೆಸಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಉಜ್ಮಾಳಿಗೆ ಅನ್ನಿಸಿತು. ಅವರ ಮೊಮ್ಮಗ ಶ್ರೇಯಸ ಉಜ್ಮಾಳ ಕ್ಲಾಸಿನವನೇ. ಅವನು ಅಲ್ಲಿಯೇ ನಿಂತು ಅವಳಿಗೆ “ಗುಡುಗವ್ವ” ಎಂದು ಹೆಸರಿಟ್ಟ. ಆ ಹೆಸರು ಸಂಜೆಯೊಳಗೆ ಊರನ್ನೆಲ್ಲ ಸುತ್ತಿತು.

ಆ ದಿನ ಮನೆಗೆ ಬಂದ ಮೇಲೆ ದಾದಿ ಕೈ ಮುಂದೆ ಚಾಚಿದ್ದಳು. “ಇಷ್ಟ ವರ್ಷ ದುಡದೇನಿ, ಒಬ್ಬರ ಕಡಿಂದ ಒಂದ ಮಾತ ಅನಿಸಿಕೊಂಡಾಕಿ ಅಲ್ಲ ನಾ. ಇನ್ನ ಗುಡುಗಿದ್ರ ಬಾಯಿ ತಗಿಯೂದಿಲ್ಲ ಅಂತ ಕೈಮ್ಯಾಲ ಕೈ ಇಟ್ಟ ಹೇಳು. ತಗದಿ ಅಂದ್ರ ಮತ್ತ ನಿನ್ನ ಹೊಲಕ್ಕ ಕರಕೊಂಡ ಹೋಗೂದಿಲ್ಲ.”

ಉಜ್ಮಾ ಕೈಯ ಮೇಲೆ ಕೈ ಇಟ್ಟಿದ್ದಳು. ದಾದಿಯ ಜೊತೆ ಹೊಲಕ್ಕೆ ಹೋಗುವುದೆಂದರೆ ಅವಳಿಗೆ ಇಡೀ ರಜೆಯೇ ಅದು. ಹೆಂಗಸರ ಹಾಡು, ಮರದ ಕೆಳಗಿನ ಬುತ್ತಿ, ದಾರಿಯುದ್ದಕ್ಕೂ ದಾದಿ ಹೇಳುವ ಕತೆ, ಎಲ್ಲವೂ ಅದರಲ್ಲಿತ್ತು.

ಈಗ ಮತ್ತೆ ಗುಡುಗಿತು. ಈ ಸಲ ಡ್ರಮ್ಮು ತುಸು ಹತ್ತಿರಕ್ಕೆ ಉರುಳಿ ಬಂದಿತ್ತು.

ಉಜ್ಮಾ ಶ್ರೇಯಸನ ಕಡೆಗೆ ನೋಡಿದಳು. ಅವನು ತಾಡಪಾಲಿನ ಸುರುಳಿಯ ಮೇಲೆ ಕುಳಿತು ಕಾಲಾಡಿಸುತ್ತಿದ್ದ. ಅವನೂ ಅವಳನ್ನೇ ನೋಡುತ್ತಿದ್ದ. ಆದರೆ ಇವತ್ತು ನಗುತ್ತಿರಲಿಲ್ಲ.

ಬಿಸಿಲು ಒಮ್ಮೆಲೇ ಮಾಯವಾಯಿತು. ತಣ್ಣನೆಯ ಗಾಳಿ ಎದ್ದು ಹೊಲದ ಧೂಳನ್ನೆಲ್ಲ ಮುಖಕ್ಕೆ ತಂದು ಎರಚಿತು. ಪಶ್ಚಿಮದ ಆಕಾಶ ಹೊಗೆ ಹಿಡಿದ ಹಂಚಿನಂತೆ ಕಪ್ಪಾಗಿ ನಿಂತಿತ್ತು.

“ಏಳ್ರಿ, ಏಳ್ರಿ, ಲಗೂನ ತಾಡಪಾಲ ಹೊಚ್ಚರಿ,” ಎಂದು ಕಮಲಾಬಾಯಿ ಕೂಗಿದರು. “ತೋಯ್ತಂದ್ರ ಬಣ್ಣ ಹೋತ. ಬಣ್ಣ ಹೋತಂದ್ರ ವರ್ಷದ ದುಡಿಮಿ ಹೋತ.”

ಎಲ್ಲರೂ ಎದ್ದರು. ಶ್ರೇಯಸ ಸುರುಳಿಯನ್ನು ಒದ್ದು ಬಿಚ್ಚಿದ. ಉಜ್ಮಾ ಒಂದು ತುದಿ ಹಿಡಿದು ಓಡಿದಳು, ಭರಮವ್ವ ಇನ್ನೊಂದು ತುದಿ ಹಿಡಿದಳು. ಗಾಳಿಗೆ ತಾಡಪಾಲು ಉಬ್ಬಿ ಉಬ್ಬಿ ಬೀಳುತ್ತಿತ್ತು. ಅಂಚಿನ ಮೇಲೆ ಕಲ್ಲು ಹೇರುತ್ತ ಹೇರುತ್ತ ಅರಿಷಿಣವನ್ನೆಲ್ಲ ಮುಚ್ಚುವಷ್ಟರಲ್ಲಿ ಆಕಾಶ ಫಳಕ್ಕನೆ ಬೆಳಗಿತು. ಹಿಂದೆಯೇ ಬಂದ ಗುಡುಗಿಗೆ ಎದೆಯೊಳಗೆ ಏನೋ ಅಲುಗಿದಂತಾಯಿತು.

ಹೊಲದ ಮೂಲೆಯಲ್ಲಿ ಒಂದು ದೊಡ್ಡ ಹುಣಸೆ ಮರವಿತ್ತು. ದಿನಾಲೂ ಬುತ್ತಿಯ ಗಂಟು, ನೀರಿನ ಕೊಡ ಇಡುವುದು ಅದರ ಬುಡದಲ್ಲಿಯೇ. ಹೆಂಗಸರೆಲ್ಲ ಸೆರಗು ತಲೆಗೆ ಹೊದ್ದುಕೊಂಡು ಅಲ್ಲಿಗೆ ಓಡಿದರು. ದಾದಿ ಮರದ ಹತ್ತಿರ ಹೋದವಳು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕುಡಗೋಲನ್ನು ಕಿತ್ತು, ಬಲವಾಗಿ ಬೀಸಿ ಬಯಲಿಗೆ ಒಗೆದಳು. ಕಬ್ಬಿಣ ಸಿಡಿಲನ್ನು ತನ್ನ ಕಡೆಗೆ ಕರೆಯುತ್ತದೆ. ಅದನ್ನು ದೂರ ಒಗೆದರೆ ಸಿಡಿಲು ಅದರ ಹಿಂದೆ ಹೋಗುತ್ತದೆ, ನಾವು ಉಳಿಯುತ್ತೇವೆ ಎಂಬುದು ದಾದಿಯ ನಂಬಿಕೆ. ದಾದಿಯ ತಾಯಿಯೂ ಹಾಗೆಯೇ ಒಗೆಯುತ್ತಿದ್ದಳಂತೆ.

“ಬಾ ಉಜ್ಮಾ, ಗಿಡದ ಕೆಳಗ ಬಾ,” ದಾದಿ ಕೈಬೀಸಿ ಕರೆದಳು.

ಉಜ್ಮಾಳ ಕಾಲು ಏಳಲಿಲ್ಲ. ಅವಳ ಬಾಯಿಯೊಳಗೆ ಮಾತು ಬಂದು ನಿಂತಿತ್ತು; ಹಲ್ಲಿನ ಹಿಂದೆ ಅದನ್ನು ತಡೆದು ಹಿಡಿಯುವುದು ತಾಡಪಾಲು ಹಿಡಿದದ್ದಕ್ಕಿಂತಲೂ ಕಷ್ಟವಾಗಿತ್ತು. ಬಾಯಿ ತೆರೆದರೆ ಹೊಲವಿಲ್ಲ, ಹಾಡಿಲ್ಲ, ಕತೆಯಿಲ್ಲ. ತೆರೆಯದಿದ್ದರೆ?

ಅವಳು ಮರವನ್ನು ನೋಡಿದಳು. ಇಡೀ ಬಯಲಿಗೆ ಅದೊಂದೇ ಎತ್ತರ. ಅದರ ಬುಡದಲ್ಲಿ ದಾದಿ ನಿಂತಿದ್ದಳು.

“ದಾದಿ, ಗಿಡದ ಕೆಳಗ ಬ್ಯಾಡ,” ಎಂದಳು. ಮೊದಲಿಗೆ ಧ್ವನಿ ಗಾಳಿಯಲ್ಲಿ ಹಾರಿಹೋಯಿತು. ಅವಳು ಮತ್ತೆ ಕೂಗಿದಳು. “ಎಲ್ಲಾರೂ ಹೊರಗ ಬರ್ರಿ. ಸಿಡ್ಲ ಮೊದಲ ಎತ್ತರದ ಗಿಡಕ್ಕ ಬಡೀತೈತಿ.”

“ಶುರು ಆತ ನೋಡ ಗುಡುಗವ್ವಂದು,” ಎಂದಳು ಭರಮವ್ವ. ಆದರೆ ಅವಳ ನಗು ಅರ್ಧಕ್ಕೇ ನಿಂತಿತು. “ಮತ್ತ ಎಲ್ಲಿಗಿ ಹೋಗೂಣವಾ? ಊರ ಮುಟ್ಟೂದ್ರಾಗ ಗಾರೀ ಮಳಿ ಆಣಿಕಲ್ಲ ಬಡದ ಹೆಣಾ ಬೀಳತಾವ.”

ಉಜ್ಮಾ ಸುತ್ತಲೂ ನೋಡಿದಳು. ಕಡಾಯಿಯ ಮೇಲಿನ ಶೆಡ್ಡಿಗೆ ನಾಲ್ಕು ಕಂಬ, ಮೇಲೆ ತಗಡು; ಗೋಡೆಯೇ ಇಲ್ಲ. ಟ್ರ್ಯಾಕ್ಟರಿನ ಟ್ರಾಲಿ ನಿಂತಿತ್ತು. ಅದರ ಕೆಳಗೆ ತೂರಿಕೊಂಡರೆ ಮಳೆ ತಾಗುವುದಿಲ್ಲ, ಆದರೆ ಸಿಡಿಲು ತಾಗದೆ ಇರುವುದಿಲ್ಲ. ಊರು ದೂರ. ಬೇಡ ಎಂದು ಹೇಳುವುದು ಸುಲಭವಾಗಿತ್ತು. ಎಲ್ಲಿಗೆ ಹೋಗಬೇಕು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ.

ಆಗ ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಗೋಕಾಕದಿಂದ ಕುಲಗೋಡಕ್ಕೆ ಬರುವ ಬಸ್ಸು.

ಉಜ್ಮಾ ರಸ್ತೆಗೆ ಓಡಿದಳು. ಕೊರಳಲ್ಲಿದ್ದ ಓಢಣಿಯನ್ನು ಎಳೆದು ತೆಗೆದು ಎರಡೂ ಕೈಯಲ್ಲಿ ಬೀಸಿದಳು. ಬಸ್ಸು ಕಿರ್ರೆಂದು ಬಂದು ನಿಂತಿತು. ಡ್ರೈವರ್ ಕಲ್ಲಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ, “ಏನ ತಂಗಿ, ಜೀವ ಬ್ಯಾಸರ ಆಗೇತೇನ?” ಎಂದ.

“ಕಾಕಾ, ಮಂದಿ ಅದಾರ್ರಿ. ಎಲ್ಲಾರನ್ನೂ ಒಳಗ ಕುಂಡ್ರಿಸಿಕೋರಿ. ಲಗೂ ಮಾಡ್ರಿ.”

ಖಾಲಿ ಬಸ್ಸಿನ ಕಂಡಕ್ಟರ್ ಪರಸಪ್ಪ ಬಾಗಿಲಿಗೆ ಬಂದ. ಅವನ ಕೊರಳಲ್ಲಿ ಟಿಕೆಟ್ ಮಷೀನು ನೇತಾಡುತ್ತಿತ್ತು. “ಎಲ್ಲಿಗಿ?”

“ಎಲ್ಲಿಗೂ ಇಲ್ಲರಿ.”

“ಎಲ್ಲಿಗೂ ಹೋಗೂದಿಲ್ಲ ಅಂದ್ರ ಬಸ್ ಯಾಕ ಹತ್ತತೀರಿ? ಹೆಣ್ಮಕ್ಳಿಗೆ ಫ್ರೀ ಖರೆ. ಆಧಾರ ಕಾರ್ಡ ಅದಾವೇನು?”

“ಹೊಲಕ್ಕ ಆಧಾರ ಕಾರ್ಡ ಯಾರ ತರ್ತಾರ್ರಿ?” ಎಂದಳು ಉಜ್ಮಾ. ಅಷ್ಟರಲ್ಲಿ ಆಕಾಶ ಮತ್ತೊಮ್ಮೆ ಸೀಳಿದಂತೆ ಬೆಳಗಿತು. ಪರಸಪ್ಪ ಬಾಗಿಲ ಕಂಬಿಯನ್ನು ಬಿಟ್ಟು ಹಿಂದೆ ಸರಿದ. “ಕರಿ, ಕರಿ, ಎಲ್ಲಾರನ್ನೂ ಕರಿ. ಕಾರ್ಡ ಆಮ್ಯಾಲ ನೋಡೂಣು.”

ಉಜ್ಮಾ ಹೊಲದತ್ತ ತಿರುಗಿ ಕೂಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ವಾರ ಓಡಿ ನಗೆಪಾಟಲಾದದ್ದು ಯಾರಿಗೂ ಮರೆತಿರಲಿಲ್ಲ.

ಮೊದಲು ಹೊರಬಂದವನು ಶ್ರೇಯಸ. ಅವನು ಅಜ್ಜಿಯ ಕೈಹಿಡಿದು ಎಳೆಯುತ್ತಿದ್ದ.

“ಅಜ್ಜಿ, ಅಕಿ ಹೇಳೂದು ಖರೆ ಐತಿ. ಟೀಚರ್ ಹೇಳ್ಯಾರ. ಬಾಗಲಾ ಹಾಕಿದ ಬಸ್ಸಿನ್ಯಾಗ ಕುಂತ್ರ ಸಿಡ್ಲ ಏನೂ ಮಾಡೂದಿಲ್ಲಂತ.”

“ಮತ್ತ ಹೋದ ವಾರ ಯಾಕ ನಗತಿದ್ದಿ?” ಎಂದರು ಕಮಲಾಬಾಯಿ.

“ಎಲ್ಲಾರೂ ನಗತಿದ್ರು,” ಎಂದ ಶ್ರೇಯಸ, ನೆಲ ನೋಡುತ್ತ.

ಕಮಲಾಬಾಯಿ ನಡೆದರು. ಯಜಮಾನ್ತಿಯೇ ನಡೆದ ಮೇಲೆ ಉಳಿದವರೂ ನಡೆದರು. ಭರಮವ್ವ ಓಡುತ್ತ ಓಡುತ್ತಲೇ, “ಈ ಸಲಾನೂ ಮಳಿ ಬರಲಿಲ್ಲಂದ್ರ ಗುಡುಗವ್ವನ ಹೆಸರ ಬಸ್ಸಿನ ಮ್ಯಾಲ ಬರಸೂಣು,” ಎಂದಳು. ಒಬ್ಬೊಬ್ಬರಾಗಿ ಎಲ್ಲರೂ ಮೆಟ್ಟಿಲು ಹತ್ತಿದರು.

ದಾದಿ ಮಾತ್ರ ಬರಲಿಲ್ಲ.

ಉಜ್ಮಾ ಹಿಂದಿರುಗಿ ಓಡಿದಳು. ದಾದಿ ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳ ಕಣ್ಣಿನಲ್ಲಿ ಭಯವಿತ್ತು.

“ದಾದಿ, ಬಾ.”

“ನಾ ಒಲ್ಲೆ. ಒಂದ ಕುಡಗೋಲ ಕಬ್ಬಿಣ ಹತ್ರ ಇರಬಾರ್ದ ಅಂತ ಒಗದೇನಿ ನಾ. ನೀ ನೋಡಿದ್ರ ಇಡೀ ಕಬ್ಬಿಣದ ಹೊಟ್ಟ್ಯಾಗ ಹೋಗಿ ಕುಂಡ್ರು ಅಂತಿ. ಆ ಬಸ್ಸ ಸಿಡ್ಲನ್ನ ಕೈಮಾಡಿ ಕರೀತೈತಿ.”

ಟೀಚರ್ ಇದಕ್ಕೆ ಏನು ಹೇಳಿದ್ದರು? ಉಜ್ಮಾ ನೆನಪು ಮಾಡಿಕೊಳ್ಳಲು ನೋಡಿದಳು. ಪಾಠದ ದೊಡ್ಡ ದೊಡ್ಡ ಪದಗಳೆಲ್ಲ ಗಾಳಿಗೆ ಚೆಲ್ಲಾಪಿಲ್ಲಿಯಾಗಿದ್ದವು. ಅವಳ ಕಣ್ಣ ಮುಂದೆ ಬಂದದ್ದು ತಮ್ಮ ಮನೆಯ ಅಂಗಳ, ಕೋಳಿಯ ಮರಿಗಳು.

“ದಾದಿ, ಮಳಿ ಬಂದ್ರ ಕೋಳಿ ಮರಿ ಮ್ಯಾಲ ಏನ ಡಬ್ಬ ಹಾಕ್ತಿ?”

“ಈಗ ಕೋಳಿ ಮರಿ ಮಾತ ಯಾಕ?”

“ಹೇಳ ದಾದಿ.”

“ಕಬ್ಬಿಣದ ಬುಟ್ಟಿ.”

“ಮಳಿ ಬುಟ್ಟಿ ಮ್ಯಾಲ ಬಿದ್ದ ಎಲ್ಲಿಗಿ ಹೋಗತೈತಿ?”

“ಹೊರಮೈಲೆ ಇಳದ ನೆಲಕ್ಕ ಹೋಗತೈತಿ.”

“ಮರಿ ತೋಯಿತಾವೇನು?”

ದಾದಿ ಬಸ್ಸಿನ ಕಡೆಗೆ ನೋಡಿದಳು.

“ಸಿಡ್ಲೂ ಹಂಗ ದಾದಿ. ಬಸ್ಸ ಅಂದ್ರ ದೊಡ್ಡ ಬುಟ್ಟಿ. ಅದರ ಮ್ಯಾಲ ಬಿದ್ರೂ ಹೊರಮೈಲೆ ಇಳದ ನೆಲಕ್ಕ ಹೋಗತೈತಿ. ಒಳಗ ಇದ್ದಾವ್ರ ಮರಿ ಇದ್ದಂಗ. ಬುಟ್ಟಿಗಿ ಮೈ ಹಚ್ಚದ ಕುಂಡ್ರಬೇಕ, ಅಷ್ಟ.” ಉಜ್ಮಾ ದಾದಿಯ ಎರಡೂ ಕೈ ಹಿಡಿದಳು. “ಕಬ್ಬಿಣ ಕರದ್ರ ಕರೀಲಿ. ಬಂದಾಂವ ಹೊರಗಿಂದ ಹೊರಗ ಹೋಗತಾನ. ನಾಳಿಂದ ನನ್ನ ಹೊಲಕ್ಕ ಕರಕೊಂಡ ಬರಬ್ಯಾಡ. ಇವತ್ತ ಬಾ.”

ದಾದಿ ಮೊಮ್ಮಗಳ ಮುಖವನ್ನು ನೋಡಿದಳು. ಅದು ಹೋದ ವಾರದ ಹೆದರಿದ ಮುಖವಾಗಿರಲಿಲ್ಲ.

“ನಿನ್ನ ಬಸ್ಸಿನ ಸಲುವಾಗಿ ಬರಾಕತ್ತಿಲ್ಲ ಮತ್ತ,” ಎಂದಳು, ಸೀರೆ ಮೇಲಕ್ಕೆತ್ತಿಕೊಂಡು. “ನೀ ನನ್ನ ಬಿಟ್ಟ ಹೋಗೂದಿಲ್ಲ ಅಂತ ಬರಾಕತ್ತೇನಿ.”

ಇಬ್ಬರೂ ಓಡಿದರು. ದಪ್ಪ ದಪ್ಪ ಹನಿಗಳು ನೆಲಕ್ಕೆ ಬಿದ್ದು ಧೂಳೆಬ್ಬಿಸುತ್ತಿದ್ದವು. ಪರಸಪ್ಪ ಮೆಟ್ಟಿಲ ಮೇಲೆ ನಿಂತು ಕೈಚಾಚಿ ದಾದಿಯನ್ನು ಒಳಗೆ ಎಳೆದುಕೊಂಡ. ಬಾಗಿಲು ಧಡಕ್ಕನೆ ಮುಚ್ಚಿತು.

“ಡ್ರೈವರ್ ಕಾಕಾ, ಸ್ವಲ್ಪ ಮುಂದ ತಗೋರಿ. ಗಿಡದ ಬಾಜೂಕ ಬ್ಯಾಡ, ಲೈಟಿನ ಕಂಬದ ಬಾಜೂಕೂ ಬ್ಯಾಡ,” ಎಂದಳು ಉಜ್ಮಾ.

ಕಲ್ಲಪ್ಪ ಬಸ್ಸನ್ನು ಮೆಲ್ಲಗೆ ಮುಂದಕ್ಕೆ ಒಯ್ದು ಬಯಲಿನ ರಸ್ತೆಯಲ್ಲಿ ನಿಲ್ಲಿಸಿದ. “ಮತ್ತೇನ ಅಪ್ಪಣಿ ಐತ್ರಿ, ಸಾಹೇಬ್ರ?”

“ಕಿಡಕಿ ಎಲ್ಲಾ ಬಂದ ಮಾಡ್ರಿ. ಆಮ್ಯಾಲ ಯಾರೂ ಕಂಬಿ ಮುಟ್ಟಬ್ಯಾಡ್ರಿ, ಬಾಜೂಕ ತಗಡಿಗಿ ಒರಗಬ್ಯಾಡ್ರಿ. ಕೈ ತೊಡಿಮ್ಯಾಲ ಇಟ್ಟ ಕುಂಡ್ರರಿ.”

ಎಲ್ಲರೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಭರಮವ್ವನ ಅಷ್ಟು ದೊಡ್ಡ ಕೈಗಳೂ ಒಂದನೇ ಇಯತ್ತೆಯ ಮಗುವಿನ ಕೈಗಳಂತೆ ತೆಪ್ಪಗೆ ಕುಳಿತವು. ಕಲ್ಲಪ್ಪ ಇಂಜಿನ್ ಬಂದ್ ಮಾಡಿ, ಸ್ಟೇರಿಂಗ್ ಬಿಟ್ಟು, ಕೈಕಟ್ಟಿಕೊಂಡ.

“ಬಸ್ಸಿನ ಟೈಯರ್ ರಬ್ಬರ್ ಅಲ್ಲೇನು, ಅದಕ್ಕ ಸಿಡ್ಲ ಏನೂ ಮಾಡೂದಿಲ್ಲ,” ಎಂದು ಶ್ರೇಯಸ ಎಲ್ಲರಿಗೂ ತಿಳಿಸಿ ಹೇಳಿದ.

“ಟೈಯರಿಗೂ ಇದಕ್ಕೂ ಸಂಬಂಧ ಇಲ್ಲ,” ಎಂದಳು ಉಜ್ಮಾ. “ಟೀಚರ್ ಅದನ್ನ ಹೇಳೂಮುಂದ ನೀ ಪೆನ್ಸಿಲ್ ಕೆತ್ತಾಕತ್ತಿದ್ದಿ.”

ಬಸ್ಸಿನ ತುಂಬ ನಗು ಹರಡಿತು. ಶ್ರೇಯಸನೂ ನಕ್ಕ. ಆ ನಗುವಿನ ನಡುವೆಯೇ ಮಳೆ ಬಂದು ಬಸ್ಸಿನ ನೆತ್ತಿಗೆ ಅಪ್ಪಳಿಸಿತು. ಒಂದು ಗಾಡಿ ಕಡಲೆಯನ್ನು ಒಮ್ಮೆಲೇ ತಗಡಿನ ಮೇಲೆ ಸುರಿದಂಥ ಸದ್ದು. ಕಿಟಕಿಯ ಆಚೆ ಹೊಲ, ರಸ್ತೆ, ಮರ ಎಲ್ಲವೂ ಬೂದು ಬಣ್ಣದೊಳಗೆ ಮಸುಕಾದವು.

ಗಾಳಿ ತಾಡಪಾಲಿನ ಒಂದು ಮೂಲೆಯನ್ನು ಎಬ್ಬಿಸಿತು. ಕಲ್ಲುಗಳು ಉರುಳಿದವು. ತಾಡಪಾಲು ದೊಡ್ಡ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದುಕೊಳ್ಳತೊಡಗಿತು. ಕೆಳಗೆ ಹಳದಿಯ ಒಂದು ಪಟ್ಟಿ ಕಾಣಿಸಿತು.

ಕಮಲಾಬಾಯಿ ಎದ್ದು ನಿಂತರು. “ಅರಿಷಿಣ...”

“ನಾ ಹೋಗಿ ಕಲ್ಲ ಇಟ್ಟ ಬರ್ತೇನಿ ಅಜ್ಜಿ. ಒಂದ ಮಿನಿಟ,” ಎಂದ ಶ್ರೇಯಸ, ಆಗಲೇ ಬಾಗಿಲ ಬಳಿಗೆ ನೆಗೆದಿದ್ದ.

ಉಜ್ಮಾ ಅವನ ಅಂಗಿಯ ಹಿಂಭಾಗವನ್ನು ಹಿಡಿದು ಜಗ್ಗಿದಳು. “ಹೋಗಬ್ಯಾಡ.”

“ಬಿಡ, ಎಲ್ಲಾ ತೋಯ್ತೈತಿ.”

“ತೋಯ್ಲಿ. ನೀ ಕುಂಡ್ರು.”

ಅವನು ಕಿತ್ತುಕೊಳ್ಳಲು ನೋಡಿದ. ಪರಸಪ್ಪ ಬಾಗಿಲಿಗೆ ಅಡ್ಡ ಬಂದು ನಿಂತ. “ನನ್ನ ಬಸ್ಸಿನ್ಯಾಗ ನಾ ಸೀಟಿ ಊದದ ಯಾರೂ ಇಳಿಯಾಂಗಿಲ್ಲ. ಈ ಹುಡುಗಿ ಹೇಳದ ನಾ ಸೀಟಿ ಊದೂದಿಲ್ಲ.”

ಎಲ್ಲರೂ ಕಮಲಾಬಾಯಿಯವರನ್ನು ನೋಡಿದರು. ಅವರು ಹೊಲವನ್ನು ನೋಡಿದರು. ಹಳದಿ ಪಟ್ಟಿ ಅಗಲವಾಗುತ್ತಿತ್ತು. ಮೊಮ್ಮಗನನ್ನು ನೋಡಿದರು. ಆಮೇಲೆ ಮೆಲ್ಲಗೆ ಕುಳಿತು, ಕೈಗಳನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು.

“ಕುಂಡ್ರ ಶ್ರೇಯಸ,” ಎಂದರು. “ಅರಿಷಿಣ ಮುಂದಿನ ವರ್ಷಾನೂ ಬೆಳೀತೈತಿ.”

ಅವನು ಬಂದು ಕುಳಿತಿದ್ದನಷ್ಟೆ.

ಬಿಳಿ ಬೆಳಕು. ಬಸ್ಸಿನೊಳಗಿನ ಒಬ್ಬೊಬ್ಬರ ಮುಖವೂ ಸುಣ್ಣ ಬಳಿದಂತೆ ಕಂಡಿತು. ಬೆಳಕು ಮತ್ತು ಸದ್ದಿನ ನಡುವೆ ಕಣ್ಣು ಮಿಟುಕಿಸುವಷ್ಟೂ ಅಂತರವಿರಲಿಲ್ಲ. ಕಿಟಕಿಯ ಗಾಜುಗಳು ಗಡಗಡ ನಡುಗಿದವು. ದಾದಿ ಉಜ್ಮಾಳನ್ನು ಎದೆಗೆ ಅವಚಿಕೊಂಡು ಬಾಯಲ್ಲೇ ಏನೋ ಪ್ರಾರ್ಥಿಸಿದಳು. ಭರಮವ್ವ ಸಿಡಿಲು ಬಡಿಯದಿರಲೆಂದು ಅರ್ಜುನನ ಹೆಸರು ಹೇಳುತ್ತಿದ್ದಳು.

ಕಿವಿಯೊಳಗಿನ ಗುಂಯ್ ಎಂಬ ಸದ್ದು ಮೆಲ್ಲಗೆ ಇಳಿಯಿತು.

ಮೊದಲು ಕಂಡವನು ಕಲ್ಲಪ್ಪ. ಅವನು ಕನ್ನಡಿಯಲ್ಲಿ ಹಿಂದಿನ ಹೊಲವನ್ನು ನೋಡುತ್ತಿದ್ದ. “ಯಪ್ಪಾ,” ಎಂದ, ಬಹಳ ಸಣ್ಣ ಧ್ವನಿಯಲ್ಲಿ. “ಹುಣಸಿ ಗಿಡ ನೋಡ್ರಿ.”

ಎಲ್ಲರೂ ಹಿಂದಿನ ಗಾಜಿನತ್ತ ತಿರುಗಿದರು. ಹುಣಸೆ ಮರ ನೆತ್ತಿಯಿಂದ ಬುಡದವರೆಗೆ ಸೀಳಿ ನಿಂತಿತ್ತು. ಒಂದು ದೊಡ್ಡ ಕೊಂಬೆ ಮುರಿದು ಬಿದ್ದಿತ್ತು. ಸೀಳಿನ ಒಳಗಿನ ಬಿಳಿಯ ಕಟ್ಟಿಗೆಯಿಂದ, ಅಷ್ಟು ಮಳೆಯಲ್ಲಿಯೂ, ಹೊಗೆ ಏಳುತ್ತಿತ್ತು.

ದಾದಿಯ ಕೈ ಉಜ್ಮಾಳ ಬೆನ್ನ ಮೇಲೆ ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ಆಡುತ್ತಿತ್ತು.

ಬಂದಷ್ಟೇ ಬೇಗ ಮಳೆ ತೆಳುವಾಯಿತು. ಮೋಡದ ಸಂದಿನಿಂದ ಬಿಸಿಲು ಇಣುಕಿತು. ಭರಮವ್ವ ಅಭ್ಯಾಸಬಲದಿಂದ ಎದ್ದವಳು, ತಟ್ಟನೆ ಮತ್ತೆ ಕುಳಿತು ಉಜ್ಮಾಳನ್ನು ಕೇಳಿದಳು: “ಇಳಿಯೂಣೇನವಾ?”

“ಇಲ್ಲರಿ ಅತ್ತಿ. ಕಡೀ ಗುಡುಗ ಕೇಳಿದಮ್ಯಾಲ ಅರ್ಧ ತಾಸ ಕುಂಡ್ರಬೇಕ. ನಡುವ ಮತ್ತ ಗುಡುಗಿದ್ರ ಮತ್ತ ಅಲ್ಲಿಂದ ಅರ್ಧ ತಾಸ.”

“ಡಿಪೋದಾಗ ಲೇಟ ಯಾಕಾತು ಅಂತ ಕೇಳ್ತಾರ,” ಎಂದ ಪರಸಪ್ಪ.

“ಕೇಳ್ಲಿ ಬಿಡೋ,” ಎಂದ ಕಲ್ಲಪ್ಪ. “ನಾ ಹೇಳ್ತೇನಿ. ಇವತ್ತ ಬಸ್ಸಿನ್ಯಾಗ ಚೆಕಿಂಗ್ ಆಫೀಸರ್ ಬಂದಿದ್ರು ಅಂತ.” ಅವನು ಕನ್ನಡಿಯಲ್ಲಿ ಉಜ್ಮಾಳನ್ನು ನೋಡಿ ಹುಬ್ಬು ಹಾರಿಸಿದ.

ಗುಡುಗು ಮೂಡಲಗಿಯ ಕಡೆಗೆ ದೂರ ದೂರ ಸರಿಯಿತು, ಆಮೇಲೆ ನಿಂತೇಹೋಯಿತು. ಅರ್ಧ ತಾಸು ಕಳೆದ ಮೇಲೆ ಪರಸಪ್ಪ ಉಜ್ಮಾಳ ಕಡೆಗೆ ನೋಡಿದ. ಅವಳು ತಲೆಯಾಡಿಸಿದಳು. ಅವನು ಸೀಟಿ ಊದಿದ.

ಮರದ ಬುಡಕ್ಕೆ ಹೋದಾಗ ಹೆಂಗಸರ ಕಾಲುಗಳು ನಿಧಾನವಾದವು. ನೀರಿನ ಮಣ್ಣಿನ ಕೊಡ ಚೂರುಚೂರಾಗಿತ್ತು. ಬುತ್ತಿ ಕಟ್ಟಿದ್ದ ಬಟ್ಟೆಗಳ ಅಂಚು ಸುಟ್ಟು ಕರಕಾಗಿತ್ತು. ದಾದಿ ಬೆನ್ನು ಕೊಟ್ಟು ನಿಂತಿದ್ದ ಜಾಗದಲ್ಲಿಯೇ ತೊಗಟೆ ಸಿಡಿದು, ಮಣ್ಣಿನಲ್ಲಿ ಉದ್ದನೆಯ ಗೆರೆ ಬಿದ್ದಿತ್ತು.

ದಾದಿ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಯಲಿಗೆ ನಡೆದು ಹೋಗಿ ಬಗ್ಗಿ ಏನನ್ನೋ ಎತ್ತಿಕೊಂಡಳು. ಅವಳ ಕುಡಗೋಲು. ಕೆಸರು ಹತ್ತಿದ್ದು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ.

“ಇದನ್ನ ಕೇಳೂ ಇಲ್ಲ ನೋಡ,” ಎಂದಳು, ಕುಡಗೋಲನ್ನು ಮಗುಚಿ ಮಗುಚಿ ನೋಡುತ್ತ. ಯಾರಿಗೆ ಹೇಳಿದಳೋ ಗೊತ್ತಾಗಲಿಲ್ಲ. ಬಹುಶಃ ತನ್ನ ತಾಯಿಗೇ ಇರಬೇಕು.

ಅರಿಷಿಣದ ಒಂದು ಬದಿ ತೊಯ್ದು ಹೋಗಿತ್ತು. ಉಳಿದದ್ದು ತಾಡಪಾಲಿನ ಕೆಳಗೆ ಬೆಚ್ಚಗಿತ್ತು. ತೊಯ್ದದ್ದನ್ನು ಬೇರೆ ಮಾಡಿ ಹರಡಲು ಎಲ್ಲರೂ ಕುಳಿತರು. ಕಮಲಾಬಾಯಿ ಉಜ್ಮಾಳ ಪಕ್ಕದಲ್ಲಿಯೇ ಬಂದು ಕುಳಿತರು. ಇಬ್ಬರ ಕೈಗಳೂ ಒಂದೇ ರಾಶಿಯಲ್ಲಿ ಆಡುತ್ತಿದ್ದವು. ಅವರ ಈ ಮೌನ ಹೋದ ವಾರದ ಮೌನದಂತೆ ಇರಲಿಲ್ಲ.

ಬಸ್ಸು ಇವರಿಗಿಂತ ಮುಂಚೆ ಊರು ಸೇರಿತ್ತು. ಪರಸಪ್ಪನಿಗೆ ಬಾಯಿ ಒಂದೇ ಇದ್ದರೂ ಸ್ಟ್ಯಾಂಡಿನಲ್ಲಿ ಕೇಳುವ ಕಿವಿಗಳು ಬೇಕಾದಷ್ಟಿದ್ದವು. ಸಂಜೆ ಉಜ್ಮಾ ದಾದಿಯ ಕೈಹಿಡಿದು ಬರುವಾಗ ಚಹಾದಂಗಡಿಯ ಮಂದಿ ಎದ್ದು ನಿಂತು ನೋಡಿದರು. ಸೈಕಲ್ ಮೇಲಿದ್ದ ಹುಡುಗರು “ಗುಡುಗವ್ವ ಬಂದ್ಲು, ಗುಡುಗವ್ವ ಬಂದ್ಲು” ಎಂದು ಕೂಗುತ್ತ ಅವಳ ಮುಂದೆ ಮುಂದೆ ಹೊರಟರು. ಅದೇ ಹೆಸರು. ಆದರೆ ಉಜ್ಮಾಳ ಕಿವಿ ಕೆಂಪಾಗಲಿಲ್ಲ. ಮರುದಿನದಿಂದ ಗೋಕಾಕದ ಬಸ್ಸು ಅವರ ಓಣಿಯ ಮುಂದೆ ಹಾಯುವಾಗ ಎರಡು ಸಲ ಹಾರ್ನ್ ಹೊಡೆಯುತ್ತಿತ್ತು.

ಬೆಳಿಗ್ಗೆ ದಾದಿ ತಾನೇ ಬಂದು ಉಜ್ಮಾಳ ಹೊದಿಕೆಯನ್ನು ಎಳೆದಳು. “ಏಳ. ಹೊಲಕ್ಕ ಬರಾಂಗಿಲ್ಲೇನು?”

“ಮಾತ ಮುರದೇನೆಲ್ಲ ದಾದಿ?”

“ಆ ಮಾತನ್ನೂ ಕುಡಗೋಲ ಒಗದಂಗ ಒಗದ ಬಿಟ್ಟೇನಿ. ಏಳ.”

ಆ ವಾರವೇ ಕಮಲಾಬಾಯಿ ಹೆಡ್‌ಮಾಸ್ತರರನ್ನು ಕೇಳಿ, ಉಳಿದ ಅರಿಷಿಣವನ್ನೆಲ್ಲ ಶಾಲೆಯ ಬಯಲಿಗೆ ಸಾಗಿಸಿದರು. ರಜೆಯಲ್ಲಿ ಆ ಬಯಲು ಹೇಗೂ ಖಾಲಿ. ಪಕ್ಕದಲ್ಲಿಯೇ ಗಟ್ಟಿ ಗೋಡೆಯ ಕೋಣೆಗಳಿದ್ದವು.

ಒಂದು ಮಧ್ಯಾಹ್ನ, ಎಲ್ಲರೂ ಅರಿಷಿಣ ಹೊರಳಿಸುತ್ತಿದ್ದಾಗ, ದೂರದಲ್ಲಿ ಖಾಲಿ ಡ್ರಮ್ಮು ಉರುಳಿತು.

ಉಜ್ಮಾ ಬಾಯಿ ತೆರೆಯುವ ಮೊದಲೇ ದಾದಿ ಎದ್ದು ನಿಂತಿದ್ದಳು. ಅವಳ ಕೈ ತಾನಾಗಿಯೇ ಸೊಂಟದ ಕುಡಗೋಲಿಗೆ ಹೋಯಿತು. ಒಂದು ಗಳಿಗೆ ಅಲ್ಲಿಯೇ ನಿಂತಿತು. ಆಮೇಲೆ ಕೈ ಕೆಳಗಿಳಿಯಿತು.

“ನಡೀರಿ, ತಾಡಪಾಲ ಹೊಚ್ಚಿ ಒಳಗ ನಡೀರಿ,” ಎಂದಳು ದಾದಿ.

ಉಜ್ಮಾಳ ಕ್ಲಾಸಿನ ಕೋಣೆಯಲ್ಲಿ ಹೆಂಗಸರು ಬೆಂಚುಗಳ ಮೇಲೆ ಕುಳಿತರು. ಭರಮವ್ವ ಮೊದಲನೇ ಸಾಲಿನ ಸಣ್ಣ ಬೆಂಚಿನಲ್ಲಿ ಸಿಕ್ಕಿಹಾಕಿಕೊಂಡು, ತನಗೆ ಶಾಲೆ ಬಿಡಿಸಿದ ಅಪ್ಪನನ್ನು ನೆನೆಸಿಕೊಂಡಳು. ಕಿಟಕಿಗಳನ್ನು ಮುಚ್ಚಿದರು. ಹೊರಗೆ ಇನ್ನೆರಡು ಸಲ ಗುಡುಗಿತು.

ಅಷ್ಟೆ. ಮಳೆ ಬರಲಿಲ್ಲ. ಮೋಡ ತನ್ನ ಪಾಡಿಗೆ ಹೋಯಿತು. ಕಿಟಕಿಯ ಸಂದಿನಿಂದ ಬಿಸಿಲಿನ ಒಂದು ಪಟ್ಟಿ ಬಂದು ಕರಿಹಲಗೆಯ ಮೇಲೆ ಬಿತ್ತು.

ಉಜ್ಮಾ ಆ ಪಟ್ಟಿಯನ್ನೇ ನೋಡಿದಳು. ಎಲ್ಲರೂ ನಕ್ಕ ದಿನವೂ ಹೀಗೆಯೇ ಬಿಸಿಲು ಬಂದಿತ್ತು. ಅವಳು ನಗುವಿಗಾಗಿ ಕಾದಳು.

ಯಾರೂ ನಗಲಿಲ್ಲ. ಯಾರೂ ಏಳಲಿಲ್ಲ. ಶ್ರೇಯಸ ಹಿಂದಿನ ಬೆಂಚಿನಲ್ಲಿ ಪೆನ್ಸಿಲ್ ಕೆತ್ತುತ್ತಿದ್ದ. ಕಮಲಾಬಾಯಿ ಗೋಡೆಯ ಗಡಿಯಾರದತ್ತ ನೋಡಿ, “ಇನ್ನ ಅರ್ಧ ತಾಸಿಗಿ ಟೈಮ್ ಐತಿ,” ಎಂದು ಸೆರಗು ಬೀಸಿಕೊಂಡರು.

ಉಜ್ಮಾ ಮುಚ್ಚಿದ ಕಿಟಕಿಯನ್ನು ನೋಡುತ್ತ ಕುಳಿತಳು. ಕಡಾಯಿಯ ದಿನದ ಮೋಡವೂ ಇಂಥದ್ದೇ ಆಗಿತ್ತು. ಹುಣಸೆ ಮರದ ದಿನದ ಮೋಡವೂ ಬರುವಾಗ ಇಂಥದ್ದೇ ಆಗಿತ್ತು. ಯಾವುದು ಸಿಡಿಲು ತರುತ್ತದೆಂದು ಮೊದಲೇ ಹೇಳಲು ಬರುವಂತಿರಲಿಲ್ಲ.

ದಾದಿ ಬುತ್ತಿಯ ಗಂಟಿನಿಂದ ಒಂದು ಎಳೆ ಸೌತೆಕಾಯಿ ತೆಗೆದಳು. ಸೊಂಟದಿಂದ ಕುಡಗೋಲು ಎಳೆದು, ಸೆರಗಿಗೆ ಒರೆಸಿ, ಸೌತೆಕಾಯಿಯನ್ನು ಹೋಳು ಮಾಡಿದಳು.

“ತಗೋ, ಗುಡುಗವ್ವ,” ಎಂದು ಮೊದಲ ಹೋಳನ್ನು ಮೊಮ್ಮಗಳ ಹಳದಿ ಅಂಗೈಯೊಳಗೆ ಇಟ್ಟಳು.